ಪ್ರವೇಶ ಸಂದರ್ಶನಕ್ಕೆ ಯಾವ ಉಡುಪು? ಮಕ್ಕಳಿಗೂ ಹೆತ್ತವರಿಗೂ ಒಂದು ಕೈಪಿಡಿ

ಪ್ರತಿ ವರ್ಷ ಜನವರಿಯ ಕೊನೆಯಿಂದ ಜೂನ್ ತಿಂಗಳವರೆಗೆ ಹೊರನಾಡಿನ ನಮ್ಮ ಅನೇಕ ಕನ್ನಡ ಕುಟುಂಬಗಳಲ್ಲಿ ಸಡಗರ ಮತ್ತು ಆತಂಕ ಎರಡೂ ಒಟ್ಟಿಗೆ ಮನೆಮಾಡುತ್ತವೆ. ಮಗನಿಗೋ ಮಗಳಿಗೋ ಸಂದರ್ಶನದ ಕರೆಪತ್ರ ಬಂದಿರುತ್ತದೆ. ಲಿಖಿತ ಪರೀಕ್ಷೆಯ ಹೊಳೆಯನ್ನು ದಾಟಿಯಾಗಿದೆ. ಉಳಿದಿರುವುದು ಇಪ್ಪತ್ತು ಮೂವತ್ತು ನಿಮಿಷಗಳ ಮುಖಾಮುಖಿ ಮಾತ್ರ. ಆಗ ಮನೆಯಲ್ಲಿ ಏಳುವ ಮೊದಲ ಪ್ರಶ್ನೆ, "ಏನು ಹಾಕಿಕೊಂಡು ಹೋಗುವುದು?" ತಂದೆ ಕೋಟು ಹೊಲಿಸೋಣವೆನ್ನುತ್ತಾರೆ, ತಾಯಿ ರೇಷ್ಮೆ ಸೀರೆ ತೆಗೆಯುತ್ತಾರೆ, ನೆರೆಮನೆಯವರು ಮತ್ತೇನನ್ನೋ ಸೂಚಿಸುತ್ತಾರೆ.

ನಮ್ಮ ಬಳಗದ ಒಂದು ಮನೆಯ ಪ್ರಸಂಗ ನಮಗೆ ಇಂದಿಗೂ ನೆನಪಿದೆ. ಸಣ್ಣ ಕ್ಯಾಂಟೀನು ನಡೆಸುತ್ತಿದ್ದ ತಂದೆ, ಮಗನ ಸಂದರ್ಶನಕ್ಕೆಂದು ಚೀಟಿಯ ಹಣವನ್ನು ಬಿಡಿಸಿ ಕೋಟು ಕೊಂಡರು. ಸಂದರ್ಶಕರಲ್ಲಿ ಒಬ್ಬರು, "ಸೆಖೆಯಾಗುತ್ತಿದೆ, ಬೇಕಿದ್ದರೆ ಕೋಟು ತೆಗೆದಿಡು" ಎಂದು ವಾತ್ಸಲ್ಯದಿಂದಲೇ ಹೇಳಿದರಂತೆ. ಹುಡುಗನಿಗೆ ತೆಗೆಯಲಾಗಲಿಲ್ಲ. ಕೋಟಿನಡಿ ಯಾರಿಗೂ ಕಾಣದೆಂದು ಅಂಗಿಯ ಮುಂಭಾಗಕ್ಕೆ ಮಾತ್ರ ಇಸ್ತ್ರಿ ಮಾಡಲಾಗಿತ್ತು. "ಆಮೇಲಿನ ಪ್ರಶ್ನೆಗಳು ನನ್ನ ಕಿವಿಗೇ ಬೀಳಲಿಲ್ಲ" ಎಂದು ಅವನು ಬಳಿಕ ಹೇಳಿದ. ತಂದೆಯ ಪ್ರೀತಿಯಲ್ಲಿ ಕೊರತೆಯಿರಲಿಲ್ಲ. ತಿಳಿಯಹೇಳುವವರು ಇರಲಿಲ್ಲ, ಅಷ್ಟೆ. ಈ ಲೇಖನ ಅದಕ್ಕಾಗಿಯೇ.

ಮೊದಲಿಗೇ ಒಂದು ಮಾತು. ಉಡುಪಿಗೆ ಅಂಕವಿಲ್ಲ. ಒಳ್ಳೆಯ ಉಡುಪು ಸಂದರ್ಶಕರ ಗಮನವನ್ನು ತನ್ನತ್ತ ಸೆಳೆಯದು, ಧರಿಸಿದವನ ಗಮನವನ್ನೂ ಕದಿಯದು. ಮುಂದಿನ ಎಲ್ಲ ಸೂಚನೆಗಳೂ ಈ ಒಂದು ತತ್ತ್ವದಿಂದಲೇ ಹುಟ್ಟಿದವು.

ಸಂದರ್ಶನ ಎಲ್ಲುಂಟು, ಎಲ್ಲಿಲ್ಲ?

ಎಂಜಿನಿಯರಿಂಗ್‌ಗೆ ಜೆಇಇ, ವೈದ್ಯಕೀಯಕ್ಕೆ ನೀಟ್ ಪರೀಕ್ಷೆಗಳ ಶ್ರೇಯಾಂಕದ ಮೇಲೆ ಸೀಟು ಹಂಚಿಕೆಯಾಗುತ್ತದೆ. ಅಲ್ಲಿ ಸಂದರ್ಶನದ ಪ್ರಶ್ನೆಯೇ ಇಲ್ಲ. ಕೇಂದ್ರೀಯ ವಿಶ್ವವಿದ್ಯಾಲಯಗಳ ಬಹುತೇಕ ಪದವಿ ತರಗತಿಗಳಿಗೂ 2022ರಿಂದ ಸಿಯುಇಟಿ ಅಂಕಗಳೇ ಆಧಾರ. ಮ್ಯಾನೇಜ್‌ಮೆಂಟ್ ಸಂಸ್ಥೆಗಳು, ಪಿಎಚ್.ಡಿ. ಪ್ರವೇಶ, ವಿನ್ಯಾಸ, ನಾಟಕ ಮತ್ತು ಚಲನಚಿತ್ರ ಶಾಲೆಗಳು, ಕೆಲವು ವಿದೇಶಿ ವಿಶ್ವವಿದ್ಯಾಲಯಗಳು ಇಂದಿಗೂ ಅಭ್ಯರ್ಥಿಯನ್ನು ಎದುರು ಕೂರಿಸಿ ಮಾತನಾಡಿಸುತ್ತವೆ.

ಪರೀಕ್ಷಾ ಕೊಠಡಿಯ ವಸ್ತ್ರನಿಯಮವನ್ನೂ ಸಂದರ್ಶನದ ಪದ್ಧತಿಯನ್ನೂ ಬೆರೆಸಬಾರದು. ನೀಟ್ ಪರೀಕ್ಷೆಗೆ ಅರ್ಧ ತೋಳಿನ ತೆಳು ಉಡುಪು, ಚಪ್ಪಲಿ ಎಂಬ ನಿಯಮವಿರುವುದು ನಕಲು ತಡೆಯುವ ಸಲುವಾಗಿ. ಸಂದರ್ಶನಕ್ಕೆ ಅದು ಅನ್ವಯಿಸದು.

ಮ್ಯಾನೇಜ್‌ಮೆಂಟ್ ಸಂಸ್ಥೆಗಳು

ಐಐಎಂ ಮೊದಲಾದ ಸಂಸ್ಥೆಗಳಲ್ಲಿ ಕಚೇರಿಯ ಉಡುಪೇ ರೂಢಿ. ಗಂಡುಮಕ್ಕಳಿಗೆ ಬಿಳಿ ಅಥವಾ ತಿಳಿನೀಲಿ ಬಣ್ಣದ ತುಂಬುತೋಳಿನ ಅಂಗಿ, ಗಾಢ ಬಣ್ಣದ ಪ್ಯಾಂಟು, ಕಪ್ಪು ಅಥವಾ ಕಂದು ಬೂಟು, ಅದೇ ಬಣ್ಣದ ಬೆಲ್ಟು ಸಾಕು. ಮನೆಯಲ್ಲಿ ಕೋಟಿದ್ದರೆ ಧರಿಸಲಿ. ಇಲ್ಲವಾದರೆ ಸಾಲ ಮಾಡಿ ಕೊಳ್ಳುವ ಅಗತ್ಯವಿಲ್ಲ. ಅಣ್ಣನದೋ ಚಿಕ್ಕಪ್ಪನದೋ ಕೋಟು ಸಿಕ್ಕರೆ, ಹೆಗಲಿನ ಅಳತೆ ಸರಿಯಿದೆಯೇ ಎಂದು ಮೊದಲು ನೋಡಬೇಕು. ತೋಳಿನ ಉದ್ದ, ಸೊಂಟದ ಸಡಿಲಗಳನ್ನು ದರ್ಜಿ ಸುಲಭವಾಗಿ ಸರಿಪಡಿಸಬಲ್ಲ, ಆದರೆ ಹೆಗಲನ್ನು ಸರಿಪಡಿಸುವುದು ಕಷ್ಟ.

ಹೊಸ ಕೋಟಿನ ಹಿಂಭಾಗದ ಸೀಳನ್ನು ಕೂಡಿಸಿರುವ ಅಡ್ಡ ಹೊಲಿಗೆಯನ್ನೂ ತೋಳಿನ ತುದಿಯ ಕಂಪನಿ ಪಟ್ಟಿಯನ್ನೂ ಮರೆಯದೆ ಬಿಚ್ಚಬೇಕು. ಅವು ಅಂಗಡಿಗಾಗಿ ಹಾಕಿದವು. ಟೈ ಕಟ್ಟಿದರೆ ಅದರ ತುದಿ ಬೆಲ್ಟಿನ ಬಕಲ್ಲನ್ನು ಮುಟ್ಟುವಂತಿರಲಿ. ಕುಳಿತಾಗ ಪ್ಯಾಂಟು ಮೇಲೇರುವುದರಿಂದ ಕಾಲುಚೀಲ ಉದ್ದವಾಗಿರಲಿ, ಪ್ಯಾಂಟಿನ ಬಣ್ಣಕ್ಕೆ ಹತ್ತಿರವಿರಲಿ.

ಹೆಣ್ಣುಮಕ್ಕಳ ಉಡುಪು

ಸಲ್ವಾರ್ ಕಮೀಜು, ಸೀರೆ, ಪ್ಯಾಂಟು-ಅಂಗಿ ಈ ಮೂರೂ ಸಮಾನವಾಗಿ ಸಲ್ಲುವ ಉಡುಪುಗಳು. ಆಯ್ಕೆ ಮಗಳದೇ ಆಗಿರಲಿ. ಗಂಭೀರವಾಗಿ ಕಾಣಲೆಂದು ಹೆತ್ತವರು ಸೀರೆಗೆ ಒತ್ತಾಯಿಸುವುದುಂಟು. ಸೀರೆಯುಟ್ಟು ಮೆಟ್ಟಿಲು ಹತ್ತಿ, ಬಸ್ಸೇರಿ, ಕುಳಿತೆದ್ದು ಅಭ್ಯಾಸವಿದ್ದರೆ ಅದಕ್ಕಿಂತ ಚೆಂದದ ಉಡುಪಿಲ್ಲ. ಅಭ್ಯಾಸವಿಲ್ಲದಿದ್ದರೆ ಮನಸ್ಸೆಲ್ಲ ನೆರಿಗೆಯಲ್ಲೇ ಉಳಿಯುತ್ತದೆ. ದುಪಟ್ಟಾವನ್ನೂ ಸೆರಗನ್ನೂ ಪಿನ್ನಿನಿಂದ ಭದ್ರಪಡಿಸಿಕೊಳ್ಳಬೇಕು. ಮೇಜಿಗೆ ತಾಗಿ ಸದ್ದು ಮಾಡುವ ಬಳೆಗಳನ್ನು ಅಂದು ಕಡಿಮೆ ಮಾಡುವುದು ಲೇಸು.

ಉಟ್ಟ ಬಟ್ಟೆಯೂ ಒಂದು ಪ್ರಶ್ನೆಯಾಗಬಹುದು. ಮುಂಬಯಿಯಲ್ಲೋ ದೆಹಲಿಯಲ್ಲೋ ಬೆಳೆದ ಹುಡುಗಿ ಇಳಕಲ್ ಸೀರೆಯುಟ್ಟು ಹೋದರೆ, ಅದರ ವಿಷಯ ತಿಳಿಸೆಂದು ಕೇಳುವವರಿದ್ದಾರೆ. ಇಳಕಲ್ ಬಾಗಲಕೋಟೆ ಜಿಲ್ಲೆಯ ಊರು. ಸೀರೆಯ ಒಡಲಿಗೆ ಸೆರಗನ್ನು ಕುಣಿಕೆಗಳಿಂದ ಕೂಡಿಸುವ ತೋಪಿ ತೆನಿ ವಿಧಾನ ಅಲ್ಲಿನ ನೇಕಾರರ ವೈಶಿಷ್ಟ್ಯ. ಮೈಸೂರು ರೇಷ್ಮೆಯಾದರೆ, ಮೈಸೂರಿನ ನೇಯ್ಗೆ ಕಾರ್ಖಾನೆ 1912ರಲ್ಲಿ ಅರಸರ ಕಾಲದಲ್ಲಿ ಸ್ಥಾಪನೆಯಾದುದು. ಇಷ್ಟನ್ನಾದರೂ ಅರಿತಿದ್ದರೆ ಉಡುಪೇ ಮಾತಿಗೆ ದಾರಿಯಾಗುತ್ತದೆ. ಅಜ್ಜಿಯ ಪೆಟ್ಟಿಗೆಯ ಸೀರೆ ಉಡುವವರು ಅಜ್ಜಿಯೊಡನೆ ಅರ್ಧ ಗಂಟೆ ಕುಳಿತು ಮಾತನಾಡಲಿ.

ಕುಂಕುಮ, ವಿಭೂತಿ, ಪೇಟ, ಹಿಜಾಬು, ಜಪಸರ ಮೊದಲಾಗಿ ನಿತ್ಯ ಧರಿಸುವುದನ್ನು ಸಂದರ್ಶನಕ್ಕೆಂದು ತೆಗೆಯಬೇಕಾಗಿಲ್ಲ, ನಿತ್ಯ ಧರಿಸದುದನ್ನು ಅಂದಿಗೆಂದು ಧರಿಸಬೇಕಾಗಿಯೂ ಇಲ್ಲ.

ಸಂಶೋಧನಾ ಪದವಿ

ಬೆಂಗಳೂರಿನ ಭಾರತೀಯ ವಿಜ್ಞಾನ ಸಂಸ್ಥೆ, ಐಐಟಿಗಳು ಮುಂತಾದೆಡೆ ಪಿಎಚ್.ಡಿ. ಸಂದರ್ಶನದ ಗಾಳಿಯೇ ಬೇರೆ. ಅಲ್ಲಿನ ಪ್ರಾಧ್ಯಾಪಕರು ಹೆಚ್ಚಾಗಿ ಸಾದಾ ಉಡುಪಿನಲ್ಲಿರುತ್ತಾರೆ, ಕೋಟು-ಟೈ ಅನಾವಶ್ಯಕ. ಇಸ್ತ್ರಿಯಾದ ಸಾದಾ ಅಂಗಿ ಅಥವಾ ಕುರ್ತಾ ಸಾಕು. ಅಭ್ಯರ್ಥಿಯನ್ನು ಹಲಗೆಯ ಮುಂದೆ ನಿಲ್ಲಿಸಿ ಸಮೀಕರಣ ಬರೆಸುವುದು ಅಲ್ಲಿ ಸಾಮಾನ್ಯ. ಕೈಯನ್ನು ಮೇಲೆತ್ತಿ ಬರೆಯುವಾಗ ಕಂಕುಳಲ್ಲಿ ಬಿಗಿಯದ, ಸೊಂಟದಿಂದ ಮೇಲೇಳದ ಅಂಗಿಯಿರಲಿ. ಸೀಮೆಸುಣ್ಣದ ಪುಡಿ ಕಪ್ಪು ಬಟ್ಟೆಯ ಮೇಲೆ ಎದ್ದು ಕಾಣುವುದೆಂಬುದೂ ನೆನಪಿರಲಿ.

ವಿನ್ಯಾಸ, ನಾಟಕ, ಚಲನಚಿತ್ರ

ಅಹಮದಾಬಾದಿನ ಎನ್‌ಐಡಿ ಸ್ಟುಡಿಯೋ ಪರೀಕ್ಷೆ ನಡೆಸುತ್ತದೆ. ಎನ್‌ಐಎಫ್‌ಟಿ ಕೊಟ್ಟ ಸಾಮಗ್ರಿಗಳಿಂದ ಮಾದರಿ ತಯಾರಿಸಲು ಹೇಳುತ್ತದೆ. ಅಂಟು, ಬಣ್ಣ, ಕತ್ತರಿಗಳ ನಡುವೆ ಬಿಳಿ ಅಂಗಿ ಬೇಡ, ಜೋಲುವ ತೋಳೂ ಬೇಡ.

ದೆಹಲಿಯ ರಾಷ್ಟ್ರೀಯ ನಾಟಕ ಶಾಲೆಯ ಅಂತಿಮ ಆಯ್ಕೆ ಕೆಲವು ದಿನಗಳ ಕಾರ್ಯಾಗಾರದ ಮೂಲಕ ನಡೆಯುತ್ತದೆ. ಅಲ್ಲಿ ನೆಲದಲ್ಲಿ ಉರುಳಬೇಕು, ಓಡಬೇಕು. ಸಡಿಲವಾದ ಹತ್ತಿಯ ಉಡುಪು ಎರಡು ಮೂರು ಜೊತೆ ಇರಬೇಕು. ಬಿ.ವಿ. ಕಾರಂತರು 1977ರಿಂದ 1981ರವರೆಗೆ ಆ ಶಾಲೆಯ ನಿರ್ದೇಶಕರಾಗಿದ್ದರು. ಪುಣೆಯ ಚಲನಚಿತ್ರ ಸಂಸ್ಥೆಗೆ 1974-75ರಲ್ಲಿ ಗಿರೀಶ ಕಾರ್ನಾಡರು ನಿರ್ದೇಶಕರು. ಆ ಅಂಗಳಗಳು ಕನ್ನಡಿಗರಿಗೆ ಹೊಸತಲ್ಲ. ನಮ್ಮ ಮಕ್ಕಳು ಅಲ್ಲಿಗೆ ಅಳುಕದೆ ಹೋಗಲಿ.

ಪರದೆಯ ಮೇಲಿನ ಸಂದರ್ಶನ

ಆಕ್ಸ್‌ಫರ್ಡ್ ವಿಶ್ವವಿದ್ಯಾಲಯದ ಪದವಿ ಪ್ರವೇಶ ಸಂದರ್ಶನಗಳು 2020ರಿಂದ ಅಂತರ್ಜಾಲದಲ್ಲೇ ನಡೆಯುತ್ತಿವೆ. ಅಲ್ಲಿನ ಕಪ್ಪು ನಿಲುವಂಗಿಯ ಸಮವಸ್ತ್ರ ಪರೀಕ್ಷೆಗೂ ಸಮಾರಂಭಕ್ಕೂ ಸಂಬಂಧಿಸಿದ್ದು. ಸಂದರ್ಶನಕ್ಕೆ ನೆಮ್ಮದಿಯಾಗಿರುವ ಸಾದಾ ಉಡುಪೇ ಸಾಕು. ಡಿಸೆಂಬರಿನಲ್ಲಿ ನಮ್ಮ ಗಡಿಯಾರ ಅವರಿಗಿಂತ ಐದೂವರೆ ಗಂಟೆ ಮುಂದಿರುವುದರಿಂದ ನಮ್ಮಲ್ಲಿ ಸಂಜೆಯಾಗಿರಬಹುದು. ಮುಖದ ಮುಂದೆ ದೀಪವಿರಲಿ. ಸಣ್ಣ ಗೆರೆ, ಸಣ್ಣ ಚೌಕಳಿಗಳು ಕ್ಯಾಮರಾದಲ್ಲಿ ನಡುಗಿದಂತೆ ಕಾಣುತ್ತವೆ. ಒಂದೇ ಬಣ್ಣದ ಬಟ್ಟೆ ಉತ್ತಮ. ಮೇಲೆ ಅಂಗಿ, ಕೆಳಗೆ ಲುಂಗಿ ಎಂಬ ಉಪಾಯ ಬೇಡ. ಏಳಬೇಕಾದ ಸಂದರ್ಭ ಬಂದರೆ ಫಜೀತಿ.

ಊರಿನ ಹವೆ, ಹಿಂದಿನ ದಿನದ ಸಿದ್ಧತೆ

ಜನವರಿ-ಫೆಬ್ರವರಿಯ ದೆಹಲಿಯ ಮುಂಜಾವಿನಲ್ಲಿ ಸ್ವೆಟರು, ಕೋಟು ಅಲಂಕಾರವಲ್ಲ, ಅವಶ್ಯಕತೆ. ಅದೇ ಕೋಟು ಮುಂಬಯಿಯ ಲೋಕಲ್ ರೈಲಿನಲ್ಲಿ, ಚೆನ್ನೈಯ ಬಸ್ಸಿನಲ್ಲಿ ಶಿಕ್ಷೆ. ಅಲ್ಲಿ ಹಳೆಯ ಅಂಗಿಯಲ್ಲಿ ಪ್ರಯಾಣಿಸಿ, ಮಡಿಸಿಟ್ಟ ಅಂಗಿಯನ್ನು ಸ್ಥಳದಲ್ಲೇ ಬದಲಾಯಿಸುವುದು ಜಾಣತನ.

ಹೊಸ ಬೂಟು ಕಾಲು ಕಚ್ಚುತ್ತದೆ. ವಾರ ಮೊದಲೇ ಧರಿಸಿ ಪಳಗಿಸಬೇಕು. ಪೂರ್ತಿ ಉಡುಪು ಧರಿಸಿ ಒಮ್ಮೆ ಮನೆಯಲ್ಲೇ ಅರ್ಧ ಗಂಟೆ ಕುಳಿತು ಮಾತನಾಡಿ ನೋಡಬೇಕು. ಎಲ್ಲಿ ಬಿಗಿಯುತ್ತದೆ, ಎಲ್ಲಿ ಜಾರುತ್ತದೆ ಎಂಬುದು ಆಗಲೇ ತಿಳಿಯುತ್ತದೆ. ಅಂಗಿಯ ಬೆನ್ನಿಗೂ ಇಸ್ತ್ರಿಯಾಗಲಿ. ಉಗುರು ಕತ್ತರಿಸಿ, ಕೂದಲು ಒಪ್ಪವಾಗಿ ಬಾಚಿಕೊಳ್ಳಲಿ. ಮುಚ್ಚಿದ ಕೊಠಡಿಯಲ್ಲಿ ಘಾಟು ಅತ್ತರು ಎಲ್ಲರಿಗೂ ತೊಂದರೆ. ಮೂಲ ಪ್ರಮಾಣಪತ್ರಗಳ ಕಡತ, ಕರವಸ್ತ್ರ, ಒಂದು ಹೆಚ್ಚಿನ ಗುಂಡಿ, ಸೂಜಿದಾರ, ಎರಡು ಪಿನ್ನು ಚೀಲದಲ್ಲಿರಲಿ.

"ಊಟ ತನ್ನಿಚ್ಛೆ, ನೋಟ ಪರರಿಚ್ಛೆ" ಎಂಬ ಗಾದೆ ನಮ್ಮಲ್ಲುಂಟು. ಸಂದರ್ಶನದ ಮಟ್ಟಿಗೆ ಅದು ಅರ್ಧ ಸತ್ಯ. ಅಲ್ಲಿನ ರೂಢಿಯನ್ನು ಗೌರವಿಸಬೇಕು, ಆದರೆ ಧರಿಸುವವರಿಗೆ ಅದು ಹೊರೆಯಾಗಬಾರದು. ಮುಂಬಯಿಯಲ್ಲಿ ಹಗಲು ಹೋಟೆಲಿನಲ್ಲಿ ದುಡಿದು, ಸಂಜೆ ಕನ್ನಡ ರಾತ್ರಿಶಾಲೆಗಳ ಬೆಂಚಿನಲ್ಲಿ ಕುಳಿತು ಓದಿ ಮೇಲೆ ಬಂದ ಹಿರಿಯರ ಪರಂಪರೆ ನಮ್ಮದು. ಅವರಲ್ಲಿ ಅನೇಕರಿಗೆ ಒಗೆದು ಉಡಲು ಇದ್ದುದೇ ಎರಡು ಜೊತೆ ಬಟ್ಟೆ. ಮಕ್ಕಳ ಕೈಗೆ ಕರೆಪತ್ರ ಬಂದಿದೆಯೆಂದರೆ ಅವರ ಓದಿಗೆ ಆಗಲೇ ಮನ್ನಣೆ ದೊರೆತಿದೆ. ಹೊರಡುವ ಬೆಳಿಗ್ಗೆ ಬಾಗಿಲಲ್ಲಿ ನಿಂತು ಮತ್ತೊಮ್ಮೆ ಕಾಲರು ಸರಿಪಡಿಸುವ ಬದಲು, ಧೈರ್ಯವಾಗಿ ಹೋಗಿ ಬಾ ಎಂದು ಹರಸಿ ಕಳುಹಿಸೋಣ.