ಸಂಸ್ಕಾರವೂ ಶರೀರಚೇಷ್ಟೆಯೂ

ವೈಶೇಷಿಕರು ಸಂಸ್ಕಾರವೆಂಬ ಗುಣವನ್ನು ಮೂರು ವಿಧವಾಗಿ ವಿಭಾಗಿಸಿರುವರು. ಬಿಟ್ಟ ಬಾಣವನ್ನು ಮುಂದಕ್ಕೊಯ್ಯುವುದು ವೇಗ. ಬಗ್ಗಿಸಿದ ಕೊಂಬೆಯನ್ನು ಮೊದಲಿನ ನೆಲೆಗೆ ತರುವುದು ಸ್ಥಿತಿಸ್ಥಾಪಕ. ಅನುಭವದಿಂದ ಹುಟ್ಟಿ ಸ್ಮೃತಿಯನ್ನು ಹುಟ್ಟಿಸುವುದು ಭಾವನೆ. ಭಾವನೆಯು ಆತ್ಮಮಾತ್ರದಲ್ಲಿರತಕ್ಕದ್ದು, ವೇಗವಾದರೋ ಪೃಥಿವ್ಯಾದಿ ನಾಲ್ಕು ಭೂತಗಳಲ್ಲಲ್ಲದೆ ಮನಸ್ಸಿನಲ್ಲಿಯೂ ಇರುವುದು. ಜಡದ ಚಲನೆಗೂ ಚೇತನದ ನೆನಪಿಗೂ ಒಂದೇ ಹೆಸರನ್ನಿಟ್ಟುದು ಅರ್ಥಶೂನ್ಯವಲ್ಲ. ಮೊದಲಿನ ವ್ಯಾಪಾರವು ನಿಂತ ಮೇಲೂ ಅದರ ಕಾರ್ಯವನ್ನು ನಡೆಯಿಸುವ ಗುಣವೊಂದು ಉಳಿದಿರಬೇಕೆಂಬ ಯುಕ್ತಿಯು ಎರಡೆಡೆಯಲ್ಲಿಯೂ ಸಮಾನವಾಗಿದೆ.

ಭಾವನೆಯು ದೃಢವಾಗುವುದಕ್ಕೆ ಪ್ರಶಸ್ತಪಾದನು ಮೂರು ಕಾರಣಗಳನ್ನು ಹೇಳಿರುವನು: ಪಟುವಾದ ಜ್ಞಾನ, ಅಭ್ಯಾಸ, ಆದರ. ಮೊದಲನೆಯದಕ್ಕೆ ಅವನು ಕೊಟ್ಟ ನಿದರ್ಶನವು ನಮ್ಮವರಿಗೆ ಹಿಡಿಸುವಂತಹುದು: ದಾಕ್ಷಿಣಾತ್ಯನು ಒಂಟೆಯನ್ನು ಕಂಡುದು. ಅಪೂರ್ವದರ್ಶನವು ಒಂದೇ ಸಲಕ್ಕೆ ಅಚ್ಚೊತ್ತುವುದೆಂದು ತಾತ್ಪರ್ಯ. ಅಭ್ಯಾಸಕ್ಕಾದರೋ ವಿದ್ಯೆ, ಶಿಲ್ಪ, ವ್ಯಾಯಾಮಗಳನ್ನು ಒಂದೇ ಸಾಲಿನಲ್ಲಿ ಹೇಳಿದನು. ಓದಿದ ಪಾಠವೂ, ಉಳಿ ಹಿಡಿದ ಕೈಯೂ, ಪಳಗಿದ ಮೈಯೂ ಒಂದೇ ಸಂಸ್ಕಾರದ ಫಲಗಳೆಂದಾಯಿತು.

ಅಡಗಿದ ಸಂಸ್ಕಾರವನ್ನು ಎಚ್ಚರಗೊಳಿಸುವುದಾವುದು? ಅರಿಸ್ಟಾಟಲನು ಸಾದೃಶ್ಯ, ವಿರೋಧ, ಸಾಮೀಪ್ಯಗಳೆಂಬ ಮೂರನ್ನು ಹೇಳಿದನು. ನ್ಯಾಯಸೂತ್ರದ ಮೂರನೆಯ ಅಧ್ಯಾಯದಲ್ಲಿ 27 ನಿಮಿತ್ತಗಳು ಎಣಿಸಲ್ಪಟ್ಟಿವೆ. ಸಾದೃಶ್ಯ, ವಿರೋಧ, ಆನಂತರ್ಯಗಳೊಡನೆ ಭಯ, ದ್ವೇಷ, ರಾಗಗಳೂ ಅಲ್ಲಿ ಸೇರಿರುವುದು ವಿಶೇಷ. ಒರೆಯನ್ನು ಕಂಡರೆ ಕತ್ತಿಯೂ, ರಥವನ್ನು ಕಂಡರೆ ರಥಕಾರನೂ ನೆನಪಿಗೆ ಬರುವನೆಂದು ಭಾಷ್ಯಕಾರರ ವಿವರಣೆ.

ಅದೇ ಅಧ್ಯಾಯದಲ್ಲಿ ಶರೀರಚೇಷ್ಟೆಯನ್ನು ಕುರಿತು ತೀಕ್ಷ್ಣವಾದ ವಾದವೊಂದುಂಟು. ಆಗತಾನೆ ಹುಟ್ಟಿದ ಶಿಶುವು ನಗುವುದು, ಬೆಚ್ಚುವುದು, ಮೊಲೆಹಾಲನ್ನು ಬಯಸುವುದು. ಇವು ಪೂರ್ವಾನುಭವದ ಸ್ಮೃತಿಯಿಲ್ಲದೆ ಆಗಲಾರವೆಂದು ಸಿದ್ಧಾಂತಿಯ ಮತ. ತಾವರೆಯು ಅರಳಿ ಮುಚ್ಚುವಂತೆ, ಕಬ್ಬಿಣವು ಅಯಸ್ಕಾಂತದೆಡೆಗೆ ಸರಿಯುವಂತೆ ಇದೂ ಆಗಲೆಂದು ಪೂರ್ವಪಕ್ಷಿಯ ಆಕ್ಷೇಪ. ತಾವರೆಗೆ ಶೀತೋಷ್ಣಾದಿಗಳು ಕಾರಣ. ಕಬ್ಬಿಣವೂ ಕಂಡಕಂಡಲ್ಲಿಗೆ ಸರಿಯುವುದಿಲ್ಲ. ಆದುದರಿಂದ ನಿಯತವಾದ ಪ್ರವೃತ್ತಿಗೆ ನಿಯತವಾದ ಕಾರಣವಿರಲೇಬೇಕೆಂದು ಸಮಾಧಾನ.

ಗರ್ಭದಲ್ಲಿಯೇ ಶಿಶುವು ಬೆರಳನ್ನು ಚೀಪುವುದೆಂದು ಈಗ ತಿಳಿದಿರುವುದರಿಂದ, ಚೀಪುವಿಕೆಯು ನರಮಂಡಲದ ಸಹಜವ್ಯಾಪಾರವೆಂದೇ ಶರೀರಶಾಸ್ತ್ರಜ್ಞರ ನಿರ್ಣಯ. ಇಷ್ಟರಮಟ್ಟಿಗೆ ಪೂರ್ವಪಕ್ಷವು ಬಲಗೊಂಡಿದೆ. ಆದರೂ ಪ್ರವೃತ್ತಿಗೆ ಕಾರಣವನ್ನು ಹುಡುಕಬೇಕೆಂಬ ಸೂತ್ರಕಾರನ ನಿರ್ಬಂಧವು ಅಳಿದಿಲ್ಲ.

ಭಾವನೆಯನ್ನು ಫ್ರಾಯ್ಡನ ಸುಪ್ತಚಿತ್ತದೊಡನೆ ಏಕೀಕರಿಸುವುದು ಮಾತ್ರ ಯುಕ್ತವಲ್ಲ. 1900 ಎಂಬ ವರ್ಷವನ್ನು ಹೊತ್ತು ಪ್ರಕಟವಾದ ಅವನ ಸ್ವಪ್ನವಿಚಾರದಲ್ಲಿ ಅದುಮಿಟ್ಟ ಬಯಕೆಯು ತಡೆಯೊಡನೆ ಹೋರಾಡಿ ವೇಷ ಮರೆಸಿಕೊಂಡು ಬರುವುದು. ಭಾವನೆಯನ್ನು ಅದುಮುವವರಿಲ್ಲ, ಉದ್ಬೋಧಕವು ದೊರೆವ ತನಕ ಅದು ಸುಮ್ಮನಿರುವುದು. ಕನ್ನಡದಲ್ಲಿ ಮನಶ್ಶಾಸ್ತ್ರವನ್ನು ಬರೆಯುವವರು ಈ ಭೇದವನ್ನು ಕಾಪಾಡಿಕೊಂಡರೆ ಎರಡು ಶಾಸ್ತ್ರಗಳಿಗೂ ನ್ಯಾಯ ಸಲ್ಲುವುದು.