ಪ್ರಾಸದಿಂದ ರುದ್ರನಾಟಕಕ್ಕೆ: ಸಾಹಿತ್ಯ ಪರಿಭಾಷೆಯ ಕಲಿಕೆಯ ಕುರಿತು

ಪ್ರಾಸ ಎಂದರೇನು ಎಂದು ಇಂದಿನ ಪದವಿ ವಿದ್ಯಾರ್ಥಿಯನ್ನು ಕೇಳಿದರೆ ಸಾಮಾನ್ಯವಾಗಿ ದೊರೆಯುವ ಉತ್ತರ ಒಂದೇ: ಸಾಲುಗಳ ಕೊನೆಯಲ್ಲಿ ಒಂದೇ ಬಗೆಯ ಧ್ವನಿ ಬರುವುದು. ‘ಹಾಡು’, ‘ಮಾಡು’ ಎಂಬ ಉದಾಹರಣೆಯೂ ಜೊತೆಗೇ ಬರುತ್ತದೆ. ಉತ್ತರವನ್ನು ಪೂರ್ತಿ ತಪ್ಪೆನ್ನಲಾಗದು. ಆದರೆ ಹಳಗನ್ನಡ, ನಡುಗನ್ನಡದ ಕವಿಗಳು ಬರಿದೇ ‘ಪ್ರಾಸ’ವೆಂದಾಗ ಅವರ ಮನಸ್ಸಿನಲ್ಲಿದ್ದುದು ಇದಲ್ಲ. ಇಂಗ್ಲಿಷಿನ ‘ರೈಮ್’ ನಮ್ಮ ಹಳೆಯ ಪದದೊಳಗೆ ಬಂದು ಕೂತು, ಪದದ ಮೊದಲ ಅರ್ಥವನ್ನು ಬದಿಗೆ ಸರಿಸಿದೆ. ಪರಿಭಾಷೆಯನ್ನು ಬರಿಯ ವ್ಯಾಖ್ಯೆಯಾಗಿ ಬಾಯಿಪಾಠ ಮಾಡಿಸಿದರೆ ಇಂಥ ಪಲ್ಲಟ ಕಣ್ಣಿಗೇ ಬೀಳುವುದಿಲ್ಲ. ಒಂದು ಪಾರಿಭಾಷಿಕ ಪದವನ್ನು ಕಲಿಯುವುದೆಂದರೆ ಅದರ ಚರಿತ್ರೆಯನ್ನೂ ಕಿವಿಯಲ್ಲಿ ಅದು ಮಾಡುವ ಕೆಲಸವನ್ನೂ ಕಲಿಯುವುದು ಎಂಬುದು ಈ ಲೇಖನದ ವಾದ. ಕಾವ್ಯದಿಂದ ಒಂದು, ನಾಟಕದಿಂದ ಒಂದು, ಹೀಗೆ ಎರಡು ಪದಗಳನ್ನು ಮುಂದಿಟ್ಟುಕೊಂಡು ಇದನ್ನು ನೋಡಬಹುದು.

ಒಂಬತ್ತನೆಯ ಶತಮಾನದ ‘ಕವಿರಾಜಮಾರ್ಗ’ವೇ ಪ್ರಾಸವನ್ನು ಚರ್ಚಿಸುತ್ತದೆ. ಕನ್ನಡ ಪದ್ಯದಲ್ಲಿ ಕಡ್ಡಾಯವೆನಿಸಿಕೊಂಡಿದ್ದ ಪ್ರಾಸವೆಂದರೆ ಪ್ರತಿ ಪಾದದ ಎರಡನೆಯ ಅಕ್ಷರದಲ್ಲಿ ಅದೇ ವ್ಯಂಜನ ಮರಳಿ ಬರುವುದು. ಆ ವ್ಯಂಜನದ ಮೇಲಿನ ಸ್ವರ ಬದಲಾಗಬಹುದು. ನಾಲ್ಕು ಪಾದಗಳು ‘ಮರ’, ‘ಕಿರು’, ‘ಸುರಿ’, ‘ನೆರೆ’ ಎಂದು ಆರಂಭವಾದರೆ ಪ್ರಾಸ ಸರಿಯಾಗಿ ಕೂತಿದೆ ಎಂದರ್ಥ. ಇಂಗ್ಲಿಷಿನ ರೈಮಿನಲ್ಲಿ ನಡೆಯುವುದು ಇದಕ್ಕೆ ತಿರುಗುಮುರುಗು. ಅಲ್ಲಿ ಒತ್ತು ಬಿದ್ದ ಸ್ವರವೂ ಅದರ ಮುಂದಿನದೂ ಸ್ಥಿರ, ಸ್ವರದ ಹಿಂದಿನ ವ್ಯಂಜನ ಬದಲಾಗಬೇಕು. ಅದರ ಜಾಗ ಸಾಲಿನ ಕೊನೆ. ಇಲ್ಲಿ ವ್ಯಂಜನ ಸ್ಥಿರ, ಸ್ವರ ಸ್ವತಂತ್ರ, ಜಾಗ ಸಾಲಿನ ಮೊದಲು. ಸ್ಥಾನದಲ್ಲೂ ವಿಧಾನದಲ್ಲೂ ಇಷ್ಟು ಬೇರೆಯಾದ ಎರಡನ್ನು ಒಂದೇ ಹೆಸರಿನಿಂದ ಕಲಿಸುತ್ತಿದ್ದೇವೆ. ಕನ್ನಡಕ್ಕೆ ಅಂತ್ಯಪ್ರಾಸ ಹೊಸದೇನಲ್ಲ, ಹರಿಹರನ ರಗಳೆಗಳಲ್ಲಿ ಅದು ಧಾರಾಳವಾಗಿದೆ. ಆದರೆ ಅದಕ್ಕೆ ‘ಅಂತ್ಯ’ ಎಂಬ ವಿಶೇಷಣ ಬೇಕಾಯಿತು ಎಂಬುದೇ ವಿಶೇಷಣವಿಲ್ಲದ ಪದ ಯಾವುದಕ್ಕೆ ಸಲ್ಲುತ್ತಿತ್ತು ಎಂಬುದನ್ನು ಹೇಳುತ್ತದೆ.

ನಮ್ಮ ಛಂದಶ್ಶಾಸ್ತ್ರ ಪ್ರಾಸವನ್ನು ಆರು ಬಗೆಯಾಗಿ ವಿಂಗಡಿಸಿ ಪ್ರಾಣಿಗಳ ಹೆಸರು ಕೊಟ್ಟಿದೆ: ಸಿಂಹ, ಗಜ, ವೃಷಭ, ಅಜ, ಶರಭ, ಹಯ. ಪ್ರಾಸಾಕ್ಷರ ಹೇಗಿದೆ, ಅದರ ಹಿಂದಿನ ಅಕ್ಷರ ಹೇಗಿದೆ ಎಂಬುದೇ ಈ ವಿಂಗಡಣೆಯ ಆಧಾರ. ಹಿಂದಿನದು ಹ್ರಸ್ವವಾದರೆ ಸಿಂಹ, ‘ಕಾಡು’, ‘ನೋಡಿ’, ‘ಮೂಡೆ’ ಎಂಬಂತೆ ದೀರ್ಘವಾದರೆ ಗಜ, ‘ಬಂದು’, ‘ಹಿಂದೆ’, ‘ಕುಂದಿ’ ಎಂಬಂತೆ ಅನುಸ್ವಾರವಿದ್ದರೆ ವೃಷಭ, ವಿಸರ್ಗವಿದ್ದರೆ ಅಜ. ವಿಜಾತೀಯ ಒತ್ತಕ್ಷರವಾದರೆ ಶರಭ, ಸಜಾತೀಯವಾದರೆ ಹಯ. ಒಂದು ಪದ್ಯ ಸಿಂಹಪ್ರಾಸದಲ್ಲಿ ಆರಂಭವಾದರೆ ಕೊನೆಯವರೆಗೂ ಅದರಲ್ಲೇ ಸಾಗಬೇಕು. ಪರೀಕ್ಷೆಗಾಗಿ ಈ ಪಟ್ಟಿಯನ್ನು ಉರು ಹೊಡೆಯುವ ಹುಡುಗನಿಗೆ ಇದು ಹಿಂಸೆ. ಅದೇ ಹುಡುಗನಿಂದ ಮೇಲಿನ ಪದಗಳನ್ನು ಗಟ್ಟಿಯಾಗಿ ಹೇಳಿಸಿದರೆ ‘ಮರ’ದ ಜೊತೆಗೆ ‘ಬೇರು’ ಏಕೆ ನಿಲ್ಲದು ಎಂದು ಅವನ ಕಿವಿಯೇ ಹೇಳುತ್ತದೆ. ಈ ಆರು ಹೆಸರುಗಳ ಹಿಂದೆ ಇರುವುದು ಇಂಥ ಆಲಿಕೆಯೇ.

ಸುತ್ತಲ ಭಾಷೆಗಳತ್ತ ನೋಡಿದರೆ ವಿಷಯ ಇನ್ನಷ್ಟು ಸ್ಪಷ್ಟ. ತಮಿಳಿನ ‘ಎದುಗೈ’ ಎರಡನೆಯ ಅಕ್ಷರದ ಹೊಂದಿಕೆಯೇ. ತೆಲುಗಿನಲ್ಲೂ ಪ್ರಾಸ ಅಲ್ಲೇ ಬರುತ್ತದೆ. ಆದರೆ ‘ಯತಿ’ ಎಂಬ ಪದ ಸಂಸ್ಕೃತದಲ್ಲಿ ಪಾದದ ನಡುವಿನ ನಿಲುಗಡೆಯನ್ನು ಹೇಳಿದರೆ, ತೆಲುಗಿನಲ್ಲಿ ಪಾದದ ಮೊದಲ ಅಕ್ಷರಕ್ಕೂ ನಿಯತ ಸ್ಥಾನದ ಅಕ್ಷರಕ್ಕೂ ಇರುವ ಧ್ವನಿಮೈತ್ರಿಯನ್ನು ಹೇಳುತ್ತದೆ. ಒಂದೇ ಹೆಸರು ಗಡಿ ದಾಟಿದೊಡನೆ ಬೇರೆ ಕೆಲಸ ಹಿಡಿಯುತ್ತದೆ.

ಈ ಪ್ರಾಸದ ಕಟ್ಟು ಸಡಿಲಿದ್ದು ಇಪ್ಪತ್ತನೆಯ ಶತಮಾನದ ಆರಂಭದಲ್ಲಿ. ಮಂಜೇಶ್ವರ ಗೋವಿಂದ ಪೈ 1911ರಲ್ಲಿ ಆದಿಪ್ರಾಸವನ್ನು ಬಿಟ್ಟು ಬರೆದರು. 1921ರಲ್ಲಿ ‘ಶ್ರೀ’ ಎಂದು ಹೆಸರಾದ ಬಿ.ಎಂ. ಶ್ರೀಕಂಠಯ್ಯನವರ ‘ಇಂಗ್ಲಿಷ್ ಗೀತಗಳು’ ಹೊರಬಂದಾಗ ಕನ್ನಡದ ಕಿವಿ ಹೊಸ ಬಂಧಗಳಿಗೆ ಹದಗೊಂಡಿತು. ಪ್ರಾಸ ಎಂಬ ಪದ ಸಾಲಿನ ತಲೆಯಿಂದ ಸಾಲಿನ ಬಾಲಕ್ಕೆ ಸರಿದದ್ದು ಈ ಕಾಲಘಟ್ಟದಲ್ಲಿ ಎಂದು ನಾನು ಭಾವಿಸುತ್ತೇನೆ.

ಪ್ರಾಸವನ್ನು ಬಿಟ್ಟ ಈ ನಡೆ ನಾಟಕಕ್ಕೂ ದಾರಿ ತೆರೆಯಿತು. ಐದು ಮಾತ್ರೆಯ ನಾಲ್ಕು ಗಣಗಳ ಲಲಿತ ರಗಳೆಯಿಂದ ಪ್ರಾಸವನ್ನು ತೆಗೆದು, ವಾಕ್ಯ ಸಾಲಿನಿಂದ ಸಾಲಿಗೆ ಹರಿಯಲು ಬಿಟ್ಟಾಗ ಸರಳ ರಗಳೆ ಹುಟ್ಟಿತು. ಕುವೆಂಪು ‘ಬೆರಳ್‌ಗೆ ಕೊರಳ್’ ಬರೆದದ್ದು ಅದರಲ್ಲೇ. ಇದನ್ನು ಬ್ಲಾಂಕ್ ವರ್ಸ್ ಎಂದು ಒಂದೇ ಮಾತಿನಲ್ಲಿ ಮುಗಿಸುವುದು ಸಾಲದು. ಇಂಗ್ಲಿಷಿನಲ್ಲಿ ಎಣಿಕೆ ನಡೆಯುವುದು ಒತ್ತಿನ ಮೇಲೆ. ಇಲ್ಲಿ ಮಾತ್ರೆಯ ಮೇಲೆ, ಸಾಲಿಗೆ 20ರಂತೆ.

ನಾಟಕದ ಪದಗಳಲ್ಲಿ ಅತಿ ಹೆಚ್ಚು ಗೊಂದಲ ಇರುವುದು ಟ್ರ್ಯಾಜಿಡಿಯ ಸುತ್ತ. ‘ದುರಂತ ನಾಟಕ’ ಎಂದರೆ ಕೆಟ್ಟ ಅಂತ್ಯವುಳ್ಳದ್ದು. ಗ್ರೀಕ್ ನಾಟಕಗಳೇ ಈ ಅರ್ಥಕ್ಕೆ ಒಗ್ಗುವುದಿಲ್ಲ. ಈಸ್ಕಿಲಸ್‌ನ ‘ಒರೆಸ್ಟಿಯಾ’ ನಾಟಕತ್ರಯ ಕ್ರಿ.ಪೂ. 458ರಲ್ಲಿ ಪ್ರದರ್ಶನಗೊಂಡಾಗ ಕೊನೆಗೊಂಡದ್ದು ನ್ಯಾಯತೀರ್ಮಾನ ಮತ್ತು ಸಮಾಧಾನದಲ್ಲಿ. ಆದರೂ ಅದು ಟ್ರ್ಯಾಜಿಡಿ. ಶ್ರೀಯವರ ಹೆಸರಿನೊಂದಿಗೆ ಬೆಸೆದುಕೊಂಡಿರುವ ‘ರುದ್ರನಾಟಕ’ ಎಂಬ ಪದ ಅಂತ್ಯವನ್ನು ಹೇಳುವುದಿಲ್ಲ, ಅನುಭವದ ಸ್ವರೂಪವನ್ನು ಹೇಳುತ್ತದೆ. ಆ ಕಾರಣಕ್ಕೇ ಅದು ಮೇಲಾದ ಪದ. ಅದಕ್ಕೂ ಒಂದು ತೊಡಕಿದೆ: ವಿದ್ಯಾರ್ಥಿ ಅದನ್ನು ರೌದ್ರರಸಕ್ಕೆ ಗಂಟುಹಾಕುತ್ತಾನೆ. ರೌದ್ರದ ಸ್ಥಾಯಿಭಾವ ಕ್ರೋಧ. ಅರಿಸ್ಟಾಟಲ್ ಹೇಳಿದ್ದು ಮರುಕ ಮತ್ತು ಭಯವನ್ನು. ಭರತನ ಎಣಿಕೆಯಲ್ಲಿ ಅವಕ್ಕೆ ಹತ್ತಿರವಾದವು ಕರುಣ, ಭಯಾನಕ. ಹತ್ತಿರ ಮಾತ್ರ, ಏಕೆಂದರೆ ಕರುಣದ ಸ್ಥಾಯಿ ಶೋಕ, ಮರುಕವಲ್ಲ.

ಪದದ ಅರ್ಥವನ್ನು ಶ್ರೀಯವರು ನಿಘಂಟಿಗೆ ಬಿಡಲಿಲ್ಲ, ಕೃತಿಗಳಲ್ಲೇ ಮಾಡಿ ತೋರಿಸಿದರು. ರನ್ನನ ಚಂಪೂಕಾವ್ಯವನ್ನು ‘ಗದಾಯುದ್ಧ ನಾಟಕಂ’ ಆಗಿಸಿದರು. ರನ್ನ ತನ್ನ ಆಶ್ರಯದಾತ ಸತ್ಯಾಶ್ರಯನನ್ನು ಭೀಮನೊಂದಿಗೆ ಸಮೀಕರಿಸಿ ಬರೆದ ಕಾವ್ಯ ಅದು. ನಾಟಕದಲ್ಲಿ ನಮ್ಮ ಕಣ್ಣು ನೆಡುವುದು ದುರ್ಯೋಧನನ ಮೇಲೆ. ಸೊಫೊಕ್ಲಿಸ್‌ನ ‘ಏಜಾಕ್ಸ್’ ಅವರ ಕೈಯಲ್ಲಿ ‘ಅಶ್ವತ್ಥಾಮನ್’ ಆಯಿತು. ಈಸ್ಕಿಲಸ್‌ನ ನಾಟಕ ‘ಪಾರಸಿಕರು’ ಎಂದು ಬಂತು. ರುದ್ರನಾಟಕದ ಅರ್ಥವನ್ನು ಕಲಿಸಲು ಈ ಮೂರನ್ನು ಜೊತೆಗಿಟ್ಟು ಓದಿಸುವುದಕ್ಕಿಂತ ಉತ್ತಮ ಪಾಠ ಬೇರೆ ನನಗೆ ಕಾಣದು.

ನಮ್ಮ ತರಗತಿಗಳಲ್ಲಿ ಛಂದಸ್ಸಿನ ಪಾಠ ‘ಯಮಾತಾರಾಜಭಾನಸಲಗಂ’ ಸೂತ್ರದಿಂದ ಆರಂಭವಾಗಿ ಪ್ರಸ್ತಾರ ಹಾಕುವಲ್ಲಿಗೆ ಮುಗಿಯುತ್ತದೆ. ಭಾಮಿನಿ ಷಟ್ಪದಿಯಲ್ಲಿ 102 ಮಾತ್ರೆಗಳೆಂದು ಲೆಕ್ಕ ಹಾಕಿದವನು ಮೂರು–ನಾಲ್ಕರ ಆ ನಡೆಯನ್ನು ಗಮಕಿಯ ಬಾಯಲ್ಲಿ ಒಮ್ಮೆಯೂ ಕೇಳದೆ ಪದವಿ ಪಡೆಯುವುದುಂಟು. ಪಠ್ಯಪುಸ್ತಕ ಸಮಿತಿಗಳಲ್ಲಿ ಕೂರುವ ಹಿರಿಯರಲ್ಲಿ ನನ್ನ ಕೋರಿಕೆ ಎರಡು. ಪರಿಭಾಷೆಯ ಪಟ್ಟಿಯಲ್ಲಿ ಪ್ರಾಸಕ್ಕೂ ಅಂತ್ಯಪ್ರಾಸಕ್ಕೂ, ದುರಂತಕ್ಕೂ ರುದ್ರನಾಟಕಕ್ಕೂ ಬೇರೆ ಬೇರೆ ನಮೂದು ಕೊಡಿ. ಪ್ರಸ್ತಾರ ಹಾಕಿಸುವ ಮೊದಲು ಕುಮಾರವ್ಯಾಸನ ಒಂದು ಪದ್ಯವನ್ನಾದರೂ ತರಗತಿಯಲ್ಲಿ ಗಟ್ಟಿಯಾಗಿ ಓದಿಸಲು ಸಮಯ ಇಡಿ.