ಬೂನ್‌ಟನ್ ಜಲಾಶಯದಿಂದ ಹಿತ್ತಲಿನ ಹಾಟ್ ಟಬ್ಬಿನವರೆಗೆ

ಬ್ರಿಡ್ಜ್‌ವಾಟರ್‌ನ ವೆಂಕಟೇಶ್ವರ ದೇವಸ್ಥಾನದ ಕಡೆಯಿಂದ 287ನೇ ಹೆದ್ದಾರಿ ಹಿಡಿದು ಉತ್ತರಕ್ಕೆ ಹೋದರೆ ಪಾರ್ಸಿಪನಿಯ ಹತ್ತಿರ ಒಂದು ದೊಡ್ಡ ಜಲಾಶಯ ಸಿಗುತ್ತದೆ. ನ್ಯೂಜೆರ್ಸಿಯ ನಾವು ಎಷ್ಟೋ ಸಲ ಅದರ ಪಕ್ಕದಲ್ಲೇ ಹಾದುಹೋಗಿದ್ದೇವೆ. ಜೆರ್ಸಿ ಸಿಟಿಗೆ ಕುಡಿಯುವ ನೀರು ಕೊಡುವ ಬೂನ್‌ಟನ್ ಜಲಾಶಯ ಅದು. 1908ರ ಸೆಪ್ಟೆಂಬರ್ 26ರಂದು ಅಲ್ಲಿಂದ ಹೊರಡುವ ನೀರಿಗೆ ಬ್ಲೀಚಿಂಗ್ ಪೌಡರಿನ ದ್ರಾವಣ ಬೆರೆಸಲು ಶುರುಮಾಡಿದರು. ಅಮೆರಿಕದ ಒಂದು ನಗರಕ್ಕೆ ದಿನವೂ ಕ್ಲೋರಿನ್ ಹಾಕಿದ ನೀರು ಸಿಗತೊಡಗಿದ್ದು ಅಂದಿನಿಂದ.

ಆ ನಿರ್ಧಾರ ತೆಗೆದುಕೊಂಡವರು ಡಾ. ಜಾನ್ ಲೀಲ್ ಎಂಬ ವೈದ್ಯರು. ಸ್ಥಾವರ ಕಟ್ಟಿಕೊಟ್ಟವರು ಇಂಜಿನಿಯರ್ ಜಾರ್ಜ್ ಫುಲ್ಲರ್. ಲೀಲ್ ಅವರ ತಂದೆಯೂ ವೈದ್ಯರೇ. ಅಂತರ್ಯುದ್ಧದ ಕಾಲದಲ್ಲಿ ಅಂಟಿಕೊಂಡ ಆಮಶಂಕೆಯಿಂದ ಬಹುಕಾಲ ನರಳಿ ತೀರಿಕೊಂಡರು. ಕೆಟ್ಟ ನೀರು ಏನು ಮಾಡುತ್ತದೆ ಎಂಬುದನ್ನು ಮಗ ಮನೆಯಲ್ಲೇ ಕಂಡಿದ್ದರು. ನೀರು ಶುದ್ಧವಾಗಿಲ್ಲವೆಂದು ಜೆರ್ಸಿ ಸಿಟಿ ಆಗಲೇ ನೀರಿನ ಕಂಪನಿಯ ಮೇಲೆ ದಾವೆ ಹೂಡಿತ್ತು. ಲೀಲ್ ಯಾರ ಅನುಮತಿಗೂ ಕಾಯದೆ ಕ್ಲೋರಿನ್ ಹಾಕಿಸಿಬಿಟ್ಟರು! ಜನರು ಕುಡಿಯುವ ನೀರಿಗೆ ವಿಷ ಬೆರೆಸುವುದೇ ಎಂಬ ಆಕ್ಷೇಪವನ್ನು ನ್ಯಾಯಾಲಯದಲ್ಲಿ ಎದುರಿಸಿದರು. ಕೊನೆಗೆ ತೀರ್ಪು ಕ್ಲೋರಿನ್ ಪರವಾಗಿ ಬಂತು. ಇಂದಿನ ವೈದ್ಯಕೀಯ ನೀತಿಯ ಪ್ರಕಾರ ಇದು ಸರಿಯೇ ಎಂದು ಕೇಳಿದರೆ ಉತ್ತರ ಹೇಳುವುದು ಕಷ್ಟ. ಆದರೂ ಆ ಮನುಷ್ಯನ ಬಗ್ಗೆ ನನಗೆ ಗೌರವವಿದೆ.

ಕ್ಲೋರಿನ್ ಅಷ್ಟರಲ್ಲಿ ಹಳೆಯ ವಸ್ತುವೇ ಆಗಿತ್ತು. ಸ್ವೀಡನ್ನಿನ ಶೀಲೆ 1774ರಲ್ಲಿ ಈ ಅನಿಲವನ್ನು ತಯಾರಿಸಿದ್ದ. ಗ್ಲಾಸ್ಗೋದ ಚಾರ್ಲ್ಸ್ ಟೆನೆಂಟ್ 1799ರಲ್ಲಿ ಬ್ಲೀಚಿಂಗ್ ಪೌಡರಿಗೆ ಪೇಟೆಂಟ್ ಪಡೆದದ್ದು ಬಟ್ಟೆ ಬಿಳುಪು ಮಾಡುವುದಕ್ಕಾಗಿ. 1847ರಲ್ಲಿ ವಿಯೆನ್ನಾದ ಸೆಮ್ಮೆಲ್ವೈಸ್, ಹೆರಿಗೆ ವಾರ್ಡಿಗೆ ಹೋಗುವ ವೈದ್ಯರೆಲ್ಲ ಇದರ ದ್ರಾವಣದಲ್ಲಿ ಕೈ ತೊಳೆಯಬೇಕೆಂದು ಕಟ್ಟುಮಾಡಿದರು. ಇಂಗ್ಲೆಂಡಿನ ಲಿಂಕನ್ ಪಟ್ಟಣದಲ್ಲಿ ಟೈಫಾಯ್ಡ್ ಹಬ್ಬಿದಾಗ, 1905ರಲ್ಲಿ, ಅಲೆಕ್ಸಾಂಡರ್ ಹೂಸ್ಟನ್ ಊರಿನ ನೀರಿಗೇ ಕ್ಲೋರಿನ್ ಸೇರಿಸಿದರು.

ನನ್ನ ದೃಷ್ಟಿಯಲ್ಲಿ ಇದೆಲ್ಲಕ್ಕಿಂತ ಮುಖ್ಯವಾದದ್ದು, ಆದರೆ ಯಾರೂ ಹೆಚ್ಚಾಗಿ ಹೇಳದಿರುವುದು, 1919ರ ಸುಮಾರಿಗೆ ಬಾಲ್ಟಿಮೋರಿನಲ್ಲಿ ಏಬೆಲ್ ವೋಲ್ಮನ್ ಮತ್ತು ಲಿನ್ ಎನ್ಸ್‌ಲೋ ಮಾಡಿದ ಕೆಲಸ. ನೀರಿಗೆ ಎಷ್ಟು ಕ್ಲೋರಿನ್ ಹಾಕಿದೆವು ಎಂಬುದು ಲೆಕ್ಕಕ್ಕೆ ಬರುವುದಿಲ್ಲ. ನೀರಿನಲ್ಲಿರುವ ಕೊಳೆ ಮೊದಲು ತನ್ನ ಪಾಲನ್ನು ತಿಂದುಹಾಕುತ್ತದೆ. ಅದಾದ ಮೇಲೆ ಉಳಿಯುವ ಕ್ಲೋರಿನ್ ಮಾತ್ರ ನಮ್ಮನ್ನು ಕಾಯುತ್ತದೆ. ಎಷ್ಟು ಉಳಿಯಬೇಕೆಂದು ಮೊದಲು ನಿಶ್ಚಯಿಸಿ, ಅಷ್ಟು ಉಳಿಯಲು ಎಷ್ಟು ಹಾಕಬೇಕೆಂದು ಆಮೇಲೆ ಲೆಕ್ಕ ಹಾಕಿ ಎಂದು ಅವರು ತೋರಿಸಿಕೊಟ್ಟರು.

ಕರ್ನಾಟಕದಲ್ಲಿ ಎಂಬಿಬಿಎಸ್ ಓದಿದ ನನ್ನ ವಯಸ್ಸಿನವರಿಗೆ ಇದು ಹೊರಾಕ್ಸ್ ಪರೀಕ್ಷೆಯ ರೂಪದಲ್ಲಿ ಪರಿಚಿತ. ಆರು ಬಿಳಿ ಬಟ್ಟಲು, ಒಂದು ಕಪ್ಪು ಬಟ್ಟಲು. ಯಾವ ಬಟ್ಟಲಲ್ಲಿ ನೀಲಿ ಬಣ್ಣ ಮೂಡುತ್ತದೋ ಅದರ ಮೇಲೆ ಬಾವಿಗೆ ಹಾಕಬೇಕಾದ ಬ್ಲೀಚಿಂಗ್ ಪೌಡರಿನ ಲೆಕ್ಕ. ಒಂದು ಕೆಜಿ ಪುಡಿಗೆ ಎರಡು ಕೆಜಿ ಮರಳು ಬೆರೆಸಿ, ತೂತು ಮಾಡಿದ ಮಡಕೆಗೆ ತುಂಬಿ, ಅದನ್ನು ಇನ್ನೊಂದು ತೂತಿನ ಮಡಕೆಯೊಳಗೆ ಇಟ್ಟು ಬಾವಿಗೆ ಇಳಿಬಿಡುವ ಜೋಡಿ ಮಡಕೆಯ ಪದ್ಧತಿಯೂ ಪಠ್ಯದಲ್ಲಿತ್ತು. ಪರೀಕ್ಷೆಯಲ್ಲಿ ಐದು ಅಂಕದ ಪ್ರಶ್ನೆ ಎಂದು ಬಾಯಿಪಾಠ ಮಾಡಿದವರೇ ಹೆಚ್ಚು.

ಇನ್ನು ಹಾಟ್ ಟಬ್ಬಿಗೆ ಬರೋಣ. ಈಗ ನಮ್ಮವರ ಹಿತ್ತಲುಗಳಲ್ಲೂ ಇದು ಸಾಮಾನ್ಯವಾಗಿದೆ. ಇದರ ಮೂಲವೂ ಚಿಕಿತ್ಸೆಯೇ. ಕ್ಯಾಲಿಫೋರ್ನಿಯಾದಲ್ಲಿ ಪಂಪು ತಯಾರಿಸುತ್ತಿದ್ದ ಇಟಲಿ ಮೂಲದ ಜಕೂಜಿ ಕುಟುಂಬದ ಒಂದು ಮಗುವಿಗೆ ಕೀಲುವಾತ. ಆ ಮಗು ಮನೆಯ ಸ್ನಾನದ ತೊಟ್ಟಿಯಲ್ಲೇ ನೀರಿನ ಚಿಕಿತ್ಸೆ ಪಡೆಯಲೆಂದು ಒಂದು ಪಂಪು ಮಾಡಿದರು. 1968ರಲ್ಲಿ ಅದೇ ಮನೆತನದ ರಾಯ್ ಜಕೂಜಿ ಪಂಪನ್ನು ತೊಟ್ಟಿಯೊಳಗೇ ಕೂಡಿಸಿದ. ಅಲ್ಲಿಂದ ಅದು ವಿಲಾಸದ ವಸ್ತುವಾಯಿತು.

ನಮ್ಮ ಬಚ್ಚಲುಮನೆಯ ಹಂಡೆಯ ನೀರು ಒಬ್ಬರ ಮೈಮೇಲೆ ಬಿದ್ದರೆ ತೆಂಗಿನ ಬುಡಕ್ಕೆ ಹೋಗುತ್ತದೆ, ಮತ್ತೆ ಹಂಡೆಗೆ ಬರುವುದಿಲ್ಲ. ಹಾಟ್ ಟಬ್ಬಿನಲ್ಲಿ ಅದೇ ನೀರು ಮೂರು ನಾಲ್ಕು ತಿಂಗಳು ಸುತ್ತುತ್ತಿರುತ್ತದೆ. 400 ಗ್ಯಾಲನ್ ನೀರಿನಲ್ಲಿ ನಾಲ್ಕು ಜನ ಕೂತರೆ, 20,000 ಗ್ಯಾಲನ್ನಿನ ಈಜುಕೊಳಕ್ಕೆ 200 ಜನ ಇಳಿದ ಹಾಗೆ. ಬೆವರು, ಲೋಷನ್ನು ಎಲ್ಲವೂ ಕ್ಲೋರಿನ್ನನ್ನು ತಿನ್ನುತ್ತವೆ. ಶಾಖ, ಗುಳ್ಳೆಗಳು ಉಳಿದದ್ದನ್ನು ಓಡಿಸುತ್ತವೆ. ದೀಪಾವಳಿಗೆ ಎಣ್ಣೆ ಹಚ್ಚಿಕೊಂಡು ನೇರವಾಗಿ ಟಬ್ಬಿಗೆ ಇಳಿಯುವ ಉತ್ಸಾಹಿಗಳಿಗೆ ಇದನ್ನು ಒತ್ತಿ ಹೇಳುತ್ತೇನೆ. ಕ್ಲೋರಿನ್ ವಾಸನೆ ಗಾಢವಾಗಿದ್ದರೆ ನೀರು ಚೊಕ್ಕಟವಾಗಿದೆ ಎಂದು ಅನೇಕರು ತಿಳಿದಿದ್ದಾರೆ. ಅದು ಬೆವರು, ಮೂತ್ರಗಳ ಜೊತೆ ಸೇರಿ ಶಕ್ತಿ ಕಳೆದುಕೊಂಡ ಕ್ಲೋರಿನ್ನಿನ ವಾಸನೆ.

ಉಳಿಕೆ ಕ್ಲೋರಿನ್ ಇಲ್ಲದಿದ್ದರೆ ಆಗುವುದೇನು? ಮೈಮೇಲೆ ಕೆಂಪು ಗುಳ್ಳೆ ಏಳುವುದು ಸಣ್ಣ ತೊಂದರೆ. ದೊಡ್ಡದು ಲೀಜನೆಲ್ಲಾ. 1976ರಲ್ಲಿ ಫಿಲಡೆಲ್ಫಿಯಾದ ಹೋಟೆಲೊಂದರಲ್ಲಿ ಸೇರಿದ್ದ ಮಾಜಿ ಸೈನಿಕರಲ್ಲಿ ನ್ಯುಮೋನಿಯಾ ಹಬ್ಬಿ 29 ಜನ ಸತ್ತರು. ಮರುವರ್ಷದ ಜನವರಿಯಲ್ಲಿ ಸಿಡಿಸಿಯ ಜೋಸೆಫ್ ಮ್ಯಾಕ್‌ಡೇಡ್ ರೋಗಾಣುವನ್ನು ಗುರುತಿಸಿದರು. ಬೆಚ್ಚಗಿನ ನೀರೇ ಅದರ ತವರು. 1999ರಲ್ಲಿ ನೆದರ್‌ಲ್ಯಾಂಡ್ಸಿನ ಬೋವನ್‌ಕಾರ್ಸ್ಪೆಲ್ ಎಂಬಲ್ಲಿ ಹೂವಿನ ಪ್ರದರ್ಶನಕ್ಕೆ ಹೋದವರಲ್ಲಿ ಸುಮಾರು 200 ಜನ ಕಾಯಿಲೆ ಬಿದ್ದರು, ಕನಿಷ್ಠ 32 ಜನ ಸತ್ತರು. ಮೂಲ, ಮಾರಾಟಕ್ಕೆಂದು ಚಾಲೂ ಮಾಡಿಟ್ಟಿದ್ದ ಬಿಸಿನೀರಿನ ತೊಟ್ಟಿ. ಅದರಲ್ಲಿ ಯಾರೂ ಸ್ನಾನ ಮಾಡಿರಲಿಲ್ಲ. ಪಕ್ಕದಲ್ಲಿ ನಡೆದುಹೋಗುವಾಗ ತುಂತುರು ಉಸಿರಿನೊಳಗೆ ಸೇರಿತ್ತು, ಅಷ್ಟೆ. 2019ರಲ್ಲಿ ನಾರ್ತ್ ಕ್ಯಾರೊಲಿನಾದ ಒಂದು ಜಾತ್ರೆಯಲ್ಲೂ ಇಂಥದೇ ಪ್ರದರ್ಶನದಿಂದ ನಾಲ್ವರು ಸತ್ತರು. ಊರಿನಿಂದ ಬಂದು ಆರು ತಿಂಗಳು ಮಕ್ಕಳ ಮನೆಯಲ್ಲಿರುವ ಅಪ್ಪ ಅಮ್ಮಂದಿರಿಗೆ, ಅದರಲ್ಲೂ ಸಕ್ಕರೆ ಕಾಯಿಲೆ ಇರುವವರಿಗೆ ಮತ್ತು ಸಿಗರೇಟು ಸೇದಿದವರಿಗೆ, ಈ ನ್ಯುಮೋನಿಯಾದ ಅಪಾಯ ಹೆಚ್ಚು. ಅವರು ಟಬ್ಬಿಗೆ ಇಳಿಯದೆ ಪಕ್ಕದ ಕುರ್ಚಿಯಲ್ಲಿ ಕೂತಿದ್ದರೂ ಸರಿ.

ಆದ್ದರಿಂದ ಇಳಿಯುವ ಮುಂಚೆ ಪರೀಕ್ಷೆಯ ಪಟ್ಟಿ ಅದ್ದಿ ನೋಡಬೇಕು. ಸಿಡಿಸಿ ಹೇಳುವಂತೆ ಉಳಿಕೆ ಕ್ಲೋರಿನ್ ಕನಿಷ್ಠ 3 ಪಿಪಿಎಂ, ಬ್ರೋಮಿನ್ ಆದರೆ ಕನಿಷ್ಠ 4, ಪಿಎಚ್ 7.0ರಿಂದ 7.8, ಶಾಖ 104 ಡಿಗ್ರಿ ಫ್ಯಾರನ್‌ಹೀಟ್ ಮೀರಬಾರದು. ಗುಳ್ಳೆ ಎದ್ದಷ್ಟೂ ಪಿಎಚ್ ಏರುತ್ತದೆ, ಏರಿದಷ್ಟೂ ಕ್ಲೋರಿನ್ ಮಂದವಾಗುತ್ತದೆ. ಅದನ್ನು ಇಳಿಸಲು ಆಮ್ಲ ಬೇಕು. ಅಪಾಯದ ಇನ್ನೊಂದು ಮುಖ ಇರುವುದು ಇಲ್ಲಿಯೇ.

1915ರ ಏಪ್ರಿಲ್ 22ರಂದು ಬೆಲ್ಜಿಯಮ್ಮಿನ ಈಪ್ರ್ ರಣರಂಗದಲ್ಲಿ ಜರ್ಮನರು ಸಿಲಿಂಡರುಗಳಿಂದ ಹೊರಬಿಟ್ಟದ್ದು ಇದೇ ಕ್ಲೋರಿನ್ ಅನಿಲ. ಕೆಲವೇ ದಿನಗಳಲ್ಲಿ ಅಲ್ಲಿಗೆ ಬಂದ ಲಾಹೋರ್ ಡಿವಿಷನ್ನಿನ ಭಾರತೀಯ ಸಿಪಾಯಿಗಳೂ ಅದಕ್ಕೆ ಸಿಕ್ಕಿಕೊಂಡರು. ಕ್ಲೋರಿನ್ ಪುಡಿಗೆ ಆಮ್ಲ ತಾಗಿದರೆ ನಮ್ಮ ಗ್ಯಾರೇಜಿನಲ್ಲಿ ಏಳುವುದೂ ಅದೇ ಅನಿಲ. ಎರಡಕ್ಕೂ ಬೇರೆ ಬೇರೆ ಚಮಚ, ಬೇರೆ ಬೇರೆ ಕಪಾಟು ಇರಲಿ. ಕ್ಲೋರಿನ್ನಿನಲ್ಲೇ ಬೇರೆ ಬೇರೆ ಜಾತಿಗಳಿವೆ, ಉದಾಹರಣೆಗೆ ಕ್ಯಾಲ್ಸಿಯಂ ಹೈಪೊಕ್ಲೋರೈಟ್ ಮತ್ತು ಟ್ರೈಕ್ಲೋರ್. ಒಂದೇ ಡಬ್ಬಿಗೆ ಬಿದ್ದರೆ ಬೆಂಕಿ ಹತ್ತಬಹುದು, ಸಿಡಿಯಲೂಬಹುದು. ಕಳೆದ ವರ್ಷದ ಅರ್ಧ ಡಬ್ಬಿಯನ್ನು ಹೊಸದಕ್ಕೆ ಸುರಿಯುವ ನಮ್ಮ ಮಿತವ್ಯಯ ಇಲ್ಲಿ ಬೇಡ. ನೀರಿಗೆ ಪುಡಿ ಹಾಕಬೇಕೇ ಹೊರತು ಪುಡಿಗೆ ನೀರು ಹಾಕಬಾರದು. ಮುಚ್ಚಳ ತೆಗೆಯುವುದು ಬಯಲಿನಲ್ಲಿ, ಮುಖ ದೂರವಿಟ್ಟು.

ಅನಿಲ ಎದ್ದರೆ ಡಬ್ಬಿಯನ್ನು ಉಳಿಸಲು ಹೋಗದೆ ಮನೆಯವರನ್ನೆಲ್ಲ ಹೊರಗೆ ಕರೆದುಕೊಂಡು ಬನ್ನಿ. ಉಸಿರು ಕಟ್ಟಿದರೆ 911ಕ್ಕೆ ಕರೆ ಮಾಡಿ. ಬರೀ ಕೆಮ್ಮು, ಕಣ್ಣುರಿ ಇದ್ದರೂ ಪಾಯಿಸನ್ ಕಂಟ್ರೋಲ್‌ನ 1-800-222-1222ಕ್ಕೆ ಕರೆ ಮಾಡಿ ಕೇಳಿ. ಶ್ವಾಸಕೋಶದಲ್ಲಿ ನೀರು ತುಂಬುವ ತೊಂದರೆ ಕೆಲವು ಗಂಟೆ ತಡವಾಗಿ ಕಾಣಿಸಿಕೊಳ್ಳುವುದುಂಟು.